ಬನ್ನಿ ಎಲೆಯ ನೋಟೀಸು

ಕಳೆದ ಸಂತೆಯ ದಿನ ನನ್ನ ಕೈಗೆ ಒಂದು ಸರಕಾರಿ ನೋಟೀಸು ಬಂತು. ಬರೆದವಳು ನಾನೇ.

ತಂದವಳು ನೀಲವ್ವ. ಉಮದಿಯಿಂದ ಕರಜಗಿ ಕಡೆಗೆ ಹೋಗುವ ದಾರಿಯಲ್ಲಿ ಹತ್ತು-ಹನ್ನೆರಡು ಮನೆಗಳ ಒಂದು ವಸತಿ ಇದೆ, ಅವಳು ಅಲ್ಲಿಯವಳು. (ವಸತಿಯ ಹೆಸರು ಬರೆಯುವುದಿಲ್ಲ. ಏಕೆಂದು ಮುಂದೆ ನಿಮಗೇ ತಿಳಿಯುತ್ತದೆ.) ಐವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆ ಹೋದರೆ ತಿಂಗಳುಗಟ್ಟಲೆ ಹೊಲ, ಮನೆ ಎರಡನ್ನೂ ಒಬ್ಬಳೇ ಸಂಭಾಳಿಸುತ್ತಾಳೆ. ಹೋರಿಗೆ ಮೂಗುದಾರ ಪೋಣಿಸುವಾಗ ಹೆದರದವಳು. ಅಂದು ನಮ್ಮ ಅರಿವೆ ಅಂಗಡಿಯ ಕಟ್ಟೆಯ ಮುಂದೆ ನಿಂತವಳು ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಅವಚಿ ಹಿಡಿದಿದ್ದಳು.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವವಳು, ಊರವರ ಪಾಲಿಗೆ ‘ಬಾಯಾರು’. ಸಂತೆಯ ದಿನ ಗಂಡನ ಅಂಗಡಿಯಲ್ಲಿ ಕೂತು ಸೀರೆ ಮಡಚುವ ನೆಪದಲ್ಲಿ ಸುದ್ದಿ ಹೆಕ್ಕುವವಳು. ಈ ಅಂಕಣ ಓದುವವರಿಗೆ ಅದು ಹೊಸದಲ್ಲ.

“ಬಾಯಾರ, ಇದರಾಗ ಎಷ್ಟು ದಿವಸದ ವಾಯಿದೆ ಕೊಟ್ಟಾರ, ನೋಡಿ ಹೇಳ್ರಿ” ಎಂದಳು ನೀಲವ್ವ.

“ಏನದು?”

“ನೋಟೀಸರಿ. ಸರಕಾರದ್ದು. ಮೆಂಬರು ಓದಿ ಹೇಳ್ಯಾರ. ನಾನ ದಿವಸ ಕೇಳೂದು ಮರತೆ.”

ಸೆರಗಿನ ಗಂಟು ಬಿಚ್ಚಿದಳು. ಒಳಗೆ ಒಂದು ಬಟ್ಟೆ, ಬಟ್ಟೆಯೊಳಗೆ ಮಡಚಿದ ಪೋಸ್ಟ್ ಕಾರ್ಡು. ಅದರ ಮೇಲೆ ದೇವರ ಭಂಡಾರ ಉದುರಿಸಿದ್ದಳು. ಅರಿಶಿನದ ಪುಡಿ ಝಾಡಿಸಿ ನೋಡಿದೆ. ನಡುವೆ ನೇರಳೆ ಬಣ್ಣದ ಒಂದು ದುಂಡನೆಯ ಗುರುತು. ಅದರೊಳಗೆ ಒಂದು ಎಲೆ. ಕೆಳಗೆ ಒಂದು ಸಾಲು. ಅದರ ಕೆಳಗೆ ಯಾವ ಸಾಹೇಬನೂ ನಾಚಬೇಕು, ಅಷ್ಟು ಅರ್ಥವಾಗದ ಒಂದು ಸಹಿ.

ನನ್ನ ಸಹಿ.

ಇಲ್ಲಿ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ತಪ್ಪು ಒಪ್ಪಿಕೊಳ್ಳುವವರು ಯಾವಾಗಲೂ ಸ್ವಲ್ಪ ಹಿಂದಕ್ಕೇ ಹೋಗುತ್ತಾರೆ.

ನನ್ನ ಗಂಡ ಅಂಗಡಿಗೊಂದು ರಬ್ಬರ್ ಸೀಲು ಇರಲೆಂದು ವಿಜಾಪುರದಲ್ಲಿ ಮಾಡಿಸಿ ತಂದಿದ್ದರು. ‘ಅರಿವೆ ಅಂಗಡಿ’ ಎಂದು ಕೆತ್ತಬೇಕಾದವನು ‘ಅರಿವು ಅಂಗಡಿ’ ಎಂದು ಕೆತ್ತಿದ್ದ. ಅರಿವು ಮಾರುವಷ್ಟು ಸರಕು ನಮ್ಮಲ್ಲಿ ಇರಲಿಲ್ಲ. ಸೀಲು ಕಪಾಟು ಸೇರಿತು, ಅದರ ಜೊತೆಗೆ ಬಂದ ಮಸಿ ಪ್ಯಾಡು ನನಗೆ ಬಂತು. ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದಾದ ತಗಡಿನ ಡಬ್ಬಿ. ಒಳಗೆ ನೇರಳೆ ಮಸಿ ಕುಡಿದು ಉಬ್ಬಿದ ಬಟ್ಟೆ.

ಇನ್ನು ಪುಣೆಯಲ್ಲಿ ನನ್ನ ನಾದಿನಿ ಇದ್ದಾಳೆ. ಪ್ರತಿ ದೀಪಾವಳಿಗೆ ಅವಳಿಂದ ಗ್ರೀಟಿಂಗ್ ಕಾರ್ಡ್ ಬರುತ್ತದೆ. ಒಂದು ಸರೋವರ, ಎರಡು ಹಂಸ, ಇಂಗ್ಲಿಷಿನಲ್ಲಿ ಒಂದು ಸಾಲು. ಕೆಳಗೆ ಅವಳ ಹೆಸರು, ಅದೂ ಅಚ್ಚಾಗಿಯೇ ಬರುತ್ತದೆ! ಕಾರ್ಡಿಗೆ ಕೈ ತಗಲಿದ್ದರೆ ಅದು ಅಂಚೆಯವನದು ಮಾತ್ರ. ಪ್ರೀತಿಯನ್ನೂ ಡಜನ್ ಲೆಕ್ಕದಲ್ಲಿ ಅಚ್ಚು ಹಾಕಿಸುವ ಕಾಲ ಬಂತಲ್ಲ ಎಂದು ನಾನು ವರ್ಷವಿಡೀ ಟೀಕೆ ಮಾಡುತ್ತಿದ್ದೆ. (ಕಾರ್ಡನ್ನು ಮಾತ್ರ ಕನ್ನಡಿಯ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದೆ.)

ಈ ಸಲದ ದಸರಾಕ್ಕೆ ನಿರ್ಧಾರ ಮಾಡಿದೆ. ನಾನೇ ಕೈಯಾರೆ ಕಾರ್ಡ್ ಮಾಡುತ್ತೇನೆ. ಪುಣೆಗೆ ನಾಲ್ಕು ಬಣ್ಣ ಬೇಕಾದರೆ ಉಮದಿಗೆ ಒಂದು ಸಾಕು. ಒಂದೇ ಬಣ್ಣದಲ್ಲೇ ನಿಜವಾದ ಸೌಂದರ್ಯ ಎಂಬ ಸಿದ್ಧಾಂತವನ್ನೂ ಕಟ್ಟಿದೆ. ಬೇರೆ ಬಣ್ಣದ ಪ್ಯಾಡು ನಮ್ಮ ಕಡೆ ಸಿಗುವುದಿಲ್ಲ ಎಂಬುದೇ ಆ ಸಿದ್ಧಾಂತದ ಬುನಾದಿ.

ದಸರಾ ಎಂದರೆ ಬನ್ನಿ. ಬನ್ನಿಯ ಸಣ್ಣ ಎಸಳನ್ನು ಪ್ಯಾಡಿನ ಮೇಲೆ ಒತ್ತಿ, ಎತ್ತಿ, ಕಾರ್ಡಿನ ಮೇಲಿಟ್ಟು, ಮೇಲೊಂದು ಕಾಗದ ಹಾಕಿ ಹೆಬ್ಬೆರಳಿನಿಂದ ತೀಡಿದೆ. ಮೊದಲನೆಯದು ಎಮ್ಮೆ ತುಳಿದ ಸಗಣಿಯಂತೆ ಬಂತು. ಮಸಿ ಹೆಚ್ಚಾಗಿತ್ತು. ಎಲೆಯನ್ನು ಮೊದಲು ಹಳೆಯ ವರ್ತಮಾನಪತ್ರಿಕೆಯ ಮೇಲೆ ಒಮ್ಮೆ ಒತ್ತಿ, ಆಮೇಲೆ ಕಾರ್ಡಿಗೆ ಒತ್ತಬೇಕು ಎಂಬ ಜ್ಞಾನ ಐದನೆಯ ಕಾರ್ಡಿಗೆ ಬಂತು. ಆರನೆಯದರಲ್ಲಿ ನರ ನರವೂ ಮೂಡಿತು. ನನ್ನ ಗಂಡ ಹಿಂದಿನಿಂದ ಬಗ್ಗಿ ನೋಡಿ, “ಮೀನಿನ ಮುಳ್ಳು ಚಲೋ ಮೂಡ್ಯಾವ” ಎಂದರು. ನಮ್ಮ ಮನೆತನದಲ್ಲಿ ಏಳು ತಲೆಮಾರಿನಿಂದ ಯಾರೂ ಮೀನು ಕಂಡವರಲ್ಲ. ಆದರೂ ಗುರುತು ಹಿಡಿದರು.

ಮುಳ್ಳಿನ ಆರೋಪ ತಪ್ಪಿಸಲು ಎಲೆಯ ಸುತ್ತ ಒಂದು ಚೌಕಟ್ಟು ಬೇಕೆನಿಸಿತು. ಹಿತ್ತಾಳೆ ಬಟ್ಟಲಿನ ತಳದ ಉಂಗುರವನ್ನು ಪ್ಯಾಡಿಗೆ ಒತ್ತಿ ಎಲೆಯ ಸುತ್ತ ಒತ್ತಿದೆ. ಎಷ್ಟು ದುಂಡಗೆ ಬಂತೆಂದರೆ ನನಗೇ ನನ್ನ ಮೇಲೆ ಗೌರವ ಹುಟ್ಟಿತು. ಅದೇ ಮಸಿಯಲ್ಲಿ ಟಾಕು ಅದ್ದಿ ಕೆಳಗೆ ಬರೆದೆ: ‘ಬನ್ನಿ ತಗೊಂಡು ಬಂಗಾರದಂಗ ಇರೋಣ.’ ಹಲಗೆಯ ಮೇಲೆ ನನ್ನ ಅಕ್ಷರ ದುಂಡಗೆ ಇರುತ್ತದೆ. ಇಲ್ಲಿ ಫ್ಯಾಶನ್ನಿಗೆ ಬಿದ್ದು ಓರೆಯಾಗಿ, ಬಾಲ ಎಳೆದು ಬರೆದೆ. ಕಡೆಗೆ ಸಹಿ.

ಇಪ್ಪತ್ತೆರಡು ಕಾರ್ಡ್ ಆದವು. ವಾರವಿಡೀ ಬೆರಳು ನೇರಳೆ. ಶಾಲೆಯ ಹುಡುಗಿಯರು ಬಾಯಾರು ಎಲ್ಲೋ ಹೆಬ್ಬಟ್ಟು ಒತ್ತಿ ಬಂದಿದ್ದಾರೆಂದು ಮಾತಾಡಿಕೊಂಡರು.

ನೀಲವ್ವನಿಗೆ ಕಾರ್ಡ್ ಏಕೆ? ಅವಳು ನನ್ನ ಶಿಷ್ಯೆ. ಹಿಂದಿನ ಬೇಸಿಗೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಬೇಕೆಂಬ ಅಪ್ಪಣೆ ಬಂದಾಗ ಅವಳ ವಸತಿಯ ಬೇವಿನ ಮರದ ಕೆಳಗೆ ಮಧ್ಯಾಹ್ನದ ಹೊತ್ತು ನಾಲ್ಕು ತಿಂಗಳು ಕಲಿಸಿದೆ. ಹದಿನಾಲ್ಕು ಹೆಂಗಸರು ಬಂದರು. ಕಡೆತನಕ ಉಳಿದು, ಪುಸ್ತಕವನ್ನು ತಡವರಿಸದೆ ಓದಿದವಳು ಅವಳೊಬ್ಬಳೇ. ಅವಳ ಹೆಸರಿಗೆ ಈತನಕ ಒಂದು ಕಾಗದವೂ ಬಂದಿರಲಿಲ್ಲ. ಮೊದಲನೆಯ ಕಾಗದ ನನ್ನದೇ ಇರಲಿ ಎಂದು ಆಸೆಪಟ್ಟೆ. ಗುರುವಿನ ಆಸೆ ನೋಡಿ, ಎಷ್ಟು ಉದಾತ್ತ.

ಕಾರ್ಡು ದಸರಾ ಮುಗಿದು ಎಂಟು ದಿನಕ್ಕೆ ವಸತಿಗೆ ಮುಟ್ಟಿತು. ಅಷ್ಟು ಹೊತ್ತಿಗೆ ಬನ್ನಿ ಹಂಚಿದವರು ಮತ್ತೆ ಜಗಳಕ್ಕೆ ನಿಂತಾಗಿತ್ತು.

ಈಗ ಅಂಗಡಿಯ ಕಟ್ಟೆಗೆ ಬರೋಣ.

“ಮೆಂಬರು ಏನಂತ ಓದಿ ಹೇಳಿದ್ರು?” ಎಂದು ಕೇಳಿದೆ.

“‘ಬನ್ನಿ’ ಅಂದ್ರ ಕಚೇರಿ ಮಾತಿನ್ಯಾಗ ‘ಬರ್ರಿ’ ಅಂತರಿ. ‘ತಗೊಂಡು ಬಂಗಾರ.’ ಬಂಗಾರ ತಗೊಂಡು ಬರ್ರಿ ಅಂತ ಕರದಾರಂತ. ಹೆಂಗಸರ ಬಂಗಾರ ಎಲ್ಲಾ ಬರಕೊಳ್ಳಾಕ ಹತ್ಯಾರಂತ.”

ನಾನು ಬಾಯಿಗೆ ಸೆರಗು ಹಿಡಿದೆ, ನಗು ತಡೆಯಲು. ನಿಜವೇ. ನಮ್ಮ ಕಡೆ ಯಾರೂ ಯಾರನ್ನೂ ‘ಬನ್ನಿ’ ಎಂದು ಕರೆಯುವುದಿಲ್ಲ. ‘ಬರ್ರಿ’ ಎನ್ನುತ್ತೇವೆ. ‘ಬನ್ನಿ’ ಎಂದು ಕರೆಯುವುದು ಪುಸ್ತಕ. ಕರೆದರೆ ಹೋಗಬೇಕೋ ಬೇಡವೋ ಎಂದು ಅನುಮಾನ ಹುಟ್ಟಿಸುವ ಭಾಷೆ ಅದು.

“ಅಲ್ಲಾ ನೀಲವ್ವ, ಕಚೇರಿ ಕಾಗದ ಮರಾಠಿಯೊಳಗ ಬರತಾವಲ್ಲ. ಇದು ಕನ್ನಡದಾಗ ಐತಿ.”

“ನಾನೂ ಅದನ್ನ ಕೇಳಿದೆರಿ. ಈಗ ರಾಜ್ಯ ಬ್ಯಾರೆ ಬ್ಯಾರೆ ಆಗತಾವ, ನಮ್ಮನ್ನ ಕನ್ನಡದವರ ಕಡೆ ಹಾಕತಾರ, ಅದಕ್ಕ ಈಗಿಂದನ ಕನ್ನಡದಾಗ ಸುರು ಮಾಡ್ಯಾರ ಅಂದ್ರು.”

ನಮ್ಮ ತಾಲೂಕು ಯಾವ ಕಡೆಗೆ ಹೋಗಬೇಕೆಂದು ದೊಡ್ಡ ದೊಡ್ಡವರು ದಿಲ್ಲಿಯಲ್ಲಿ ಕೂತು ತಲೆ ಕೆಡಿಸಿಕೊಂಡಿದ್ದಾರೆ. ಮೆಂಬರು ನನ್ನ ಒಂದು ಕಾರ್ಡಿನಲ್ಲೇ ಆ ಪ್ರಶ್ನೆ ಬಗೆಹರಿಸಿಬಿಟ್ಟಿದ್ದರು.

ನಗುತ್ತಲೇ ಅವಳ ಕೊರಳು ನೋಡಿದೆ. ನಗು ನಿಂತಿತು. ಕೊರಳು ಬರಿದಾಗಿತ್ತು. ನೀಲವ್ವನ ಕೊರಳಲ್ಲಿ ಯಾವಾಗಲೂ ಒಂದು ಬೋರಮಾಳ ಇರುತ್ತದೆ. ಬೋರೆಹಣ್ಣಿನಂಥ ಚಿನ್ನದ ಗುಂಡುಗಳ ಸರ. ತಾಯಿ ಸಾಯುವಾಗ ತನ್ನ ಕೊರಳಿನಿಂದ ತೆಗೆದು ಹಾಕಿದ್ದು. ಎರಡು ಬರಗಾಲ ಬಂದರೂ ಅವಳು ಅದನ್ನು ತೆಗೆದಿರಲಿಲ್ಲ.

“ಬೋರಮಾಳ ಎಲ್ಲೈತಿ?”

“ಮೆಂಬರ ಹತ್ರ ಕೊಟ್ಟೀನ್ರಿ. ನೀ ಹೋದರ ಅಲ್ಲೇ ಇಟಗೋತಾರ, ನಾ ಹೋಗಿ ಸಾಹೇಬರ ಕಿವಿಯಾಗ ಒಂದು ಮಾತು ಹಾಕತೀನಿ, ಅಲ್ಲೀತನಕ ನಮ್ಮ ಮನ್ಯಾಗ ಇರಲಿ ಅಂದ್ರು. ಪುಣ್ಯಾತ್ಮರು.”

ಪುಣ್ಯಾತ್ಮರ ಪರಿಚಯ ಮಾಡಿಕೊಡುತ್ತೇನೆ. ಹೆಸರು ರಾಚಪ್ಪ ಎಂದಿಟ್ಟುಕೊಳ್ಳಿ. ಎಲ್ಲರೂ ‘ಮೆಂಬರು’ ಎನ್ನುತ್ತಾರೆ. ಯಾವುದರ ಮೆಂಬರು ಎಂದು ಈವರೆಗೆ ಯಾರೂ ಕೇಳಿಲ್ಲ, ಅವರೂ ಹೇಳಿಲ್ಲ. ವಸತಿಗೆ ಬಂದ ಟಪಾಲೆಲ್ಲ ಮೊದಲು ಅವರ ಜಗಲಿಗೆ ಬರುತ್ತದೆ. ಓದಿ ಹೇಳುವುದು ಅವರ ಧರ್ಮ. ಬೆಳಕು ಬೇಕಾದವರು ದೀಪ ಇದ್ದವನ ಮನೆಗೆ ಹೋಗುತ್ತಾರೆ. ದೀಪ ಇದ್ದವನು ಯಾರ ಮುಖಕ್ಕೆ ಹಿಡಿಯುತ್ತಾನೆ, ಯಾರ ಗಂಟಿಗೆ ಹಿಡಿಯುತ್ತಾನೆ ಎಂದು ಕತ್ತಲಲ್ಲಿ ಇದ್ದವರಿಗೆ ಹೇಗೆ ತಿಳಿಯಬೇಕು?

“ನೀಲವ್ವ, ಇದು ನೋಟೀಸ ಅಲ್ಲ. ನಾನ ಕಳಿಸಿದ್ದು. ದಸರಾದ ಬನ್ನಿ” ಎಂದೆ.

ಅವಳು ನನ್ನನ್ನು ನೋಡಿದಳು. ಕಾರ್ಡನ್ನು ನೋಡಿದಳು. “ನೀವು ಹೇಳೂದು ಖರೇ ಇರಬಹುದ್ರಿ. ಆದರ ಮೆಂಬರು ಸುಳ್ಳ ಯಾಕ ಹೇಳ್ಯಾರು? ಶಿಕ್ಕಾ ಐತಲ್ಲ ಇದರ ಮ್ಯಾಲ.”

ಶಿಕ್ಕಾ, ಅಂದರೆ ಸೀಲು. ನನ್ನ ಹಿತ್ತಾಳೆ ಬಟ್ಟಲಿನ ತಳ.

ಯೋಚಿಸಿ ನೋಡಿ. ಆ ವಸತಿಗೆ ನೇರಳೆ ಮಸಿ ಏನನ್ನು ತಂದಿದೆ? ಜಪ್ತಿ ತಂದಿದೆ. ಕೋರ್ಟಿನ ತಾರೀಖು ತಂದಿದೆ. ಮೊನ್ನೆ ಮೊನ್ನೆಯವರೆಗೆ ಎಷ್ಟು ಕಾಳು ತಿನ್ನಬೇಕೆಂಬ ರೇಶನ್ನಿನ ಅಳತೆ ತಂದಿತ್ತು. ಸಂಸ್ಥಾನ ಹೋಯಿತು, ಸರಕಾರ ಬಂತು, ಸೀಲಿನ ಬಣ್ಣ ಅದೇ ಉಳಿಯಿತು. ಒಳ್ಳೆಯ ಸುದ್ದಿಗೆ ಯಾರೂ ಈವರೆಗೆ ಸೀಲು ಹೊಡೆದಿಲ್ಲ. ಅದು ಬಾಯಿಂದಲೇ ಬರುತ್ತದೆ.

ಅಂಗಡಿ ಗಂಡನಿಗೆ ಬಿಟ್ಟು, ಸಂತೆ ಮುಗಿಸಿ ಹೊರಟಿದ್ದ ಒಂದು ಚಕ್ಕಡಿ ಹತ್ತಿ ನೀಲವ್ವನ ಜೊತೆ ಹೊರಟೆ. ದಾರಿಯುದ್ದಕ್ಕೂ ಮೆಂಬರ ಮನೆಗೆ ಹೋಗಿ ಜಗಳ ತೆಗೆಯಬೇಕೆಂದು ನಾನು ಮಾತುಗಳನ್ನು ಮಸೆಯುತ್ತಿದ್ದೆ. ಒಂದಕ್ಕಿಂತ ಒಂದು ಹರಿತ.

ಒಂದೂ ಉಪಯೋಗಕ್ಕೆ ಬರಲಿಲ್ಲ. ಮೆಂಬರ ಮನೆಯಲ್ಲಿ ಬೀಗರಾಗಬಹುದಾದವರು ಕೂತಿದ್ದರು.

ಸೋಲಾಪುರದ ಕಡೆಯವರು. ವರನ ತಂದೆ, ತಾಯಿ, ಒಬ್ಬ ಸೋದರಮಾವ. ನಡುಮನೆಯಲ್ಲಿ ಜಮಖಾನೆ ಹಾಸಿದ್ದರು, ತಾಟಿನಲ್ಲಿ ಅವಲಕ್ಕಿ ಇತ್ತು. ಮೆಂಬರು ನನ್ನನ್ನು ಕಂಡು ಒಂದು ಕ್ಷಣ ತಡೆದರು. ಆಮೇಲೆ ಬಹಳ ಪ್ರೀತಿಯಿಂದ, “ಬರ್ರಿ ಬಾಯಾರ, ಕುಂದ್ರಿ. ನಮ್ಮ ಶಾಂತಾಗ ಓದು ಕಲಿಸಿದವರು ಇವರ ನೋಡ್ರಿ” ಎಂದು ಪರಿಚಯಿಸಿದರು. ನೀಲವ್ವನಿಗೆ ಯಾರೂ ಕುಂದ್ರು ಎನ್ನಲಿಲ್ಲ. ಅವಳು ಹೊಸ್ತಿಲ ಹತ್ತಿರ ನಿಂತಳು.

ಜಮಖಾನೆಯ ತುದಿಯಲ್ಲಿ ಮೆಂಬರ ಮಗಳು ಶಾಂತಾ ತಲೆ ಬಗ್ಗಿಸಿ ಕೂತಿದ್ದಳು. ಏಳನೆಯ ಇಯತ್ತೆಯವರೆಗೆ ನನ್ನ ಕೈಯಲ್ಲಿ ಓದಿದ ಹುಡುಗಿ. ಹಸಿರು ಇಲಕಲ್ ಸೀರೆ. ಕೊರಳಲ್ಲಿ ಬೋರಮಾಳ.

ಹೊಸ್ತಿಲಿನಿಂದ ನೀಲವ್ವ ಸಣ್ಣ ದನಿಯಲ್ಲಿ, ನನಗೆ ಮಾತ್ರ ಕೇಳುವಂತೆ, “ಬಾಯಾರ, ಅದು ನಂದು” ಎಂದಳು.

ಈಗ ಹೇಳಿ, ನೀವಿದ್ದರೆ ಏನು ಮಾಡುತ್ತಿದ್ದಿರಿ?

ಬಾಯಿಬಿಟ್ಟರೆ ಹುಡುಗಿಯ ಸಂಬಂಧ ಅಲ್ಲೇ ಮುರಿಯುತ್ತದೆ. ಮುರಿದ ಸುದ್ದಿ ಸೋಲಾಪುರದಿಂದ ವಿಜಾಪುರದವರೆಗೆ ಬಸ್ಸಿಗಿಂತ ಮೊದಲು ಹೋಗುತ್ತದೆ. ಪಾಪ, ಅವಳದೇನು ತಪ್ಪು? ಬಾಯಿ ಮುಚ್ಚಿಕೊಂಡರೆ? ಅಷ್ಟರಲ್ಲಿ ವರನ ತಾಯಿ ಕೈ ಚಾಚಿ ಸರವನ್ನು ಬೆರಳಿನಿಂದ ಎತ್ತಿ, ತೂಗುವವಳಂತೆ ಬಿಟ್ಟು, “ಭಾಳ ಜಡ ಐತಿ. ಎಷ್ಟು ತೊಲಿ?” ಎಂದಳು.

“ಮನಿತನದ ಬಂಗಾರರಿ” ಎಂದರು ಮೆಂಬರು. “ತೂಕ ಯಾರು ನೋಡ್ಯಾರು. ಹುಡಿಗೀದ ಅದು.”

ಆಯಿತು. ಬೀಗಿತಿಯ ಕಣ್ಣಿಗೆ ಒಮ್ಮೆ ಬಿದ್ದ ಬಂಗಾರ ಮದುವೆಯ ಯಾದಿಗೆ, ಕೊಡಬೇಕಾದ್ದರ ಪಟ್ಟಿಗೆ, ಬೀಳುತ್ತದೆ. ಯಾದಿಗೆ ಬಿದ್ದದ್ದು ವಾಪಸು ಬಂದ ಉದಾಹರಣೆ ನಮ್ಮ ತಾಲೂಕಿನಲ್ಲಿ ಇಲ್ಲ.

ನಾನು ಅವಲಕ್ಕಿಯ ತಾಟು ಹಿಡಿದುಕೊಂಡು ಗೋಡೆಯ ಕಡೆ ನೋಡಿದೆ. ಕಣ್ಣು ತಪ್ಪಿಸಲು ಏನಾದರೂ ಬೇಕಿತ್ತು. ಗೋಡೆಯ ಮೇಲೆ ಕನ್ನಡಿ. ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ ಒಂದು ಪೋಸ್ಟ್ ಕಾರ್ಡು. ನೇರಳೆ ಉಂಗುರ, ಅದರೊಳಗೆ ಬನ್ನಿಯ ಎಲೆ.

ಅವರಿಗೂ ಒಂದು ಕಳಿಸಿದ್ದೆ. ಶಾಲೆಯ ಜಾಗದ ವಿಷಯದಲ್ಲಿ ಇಂಥವರ ಮರ್ಜಿ ಕಾಯಬೇಕಾಗುತ್ತದೆ. ಅವರು ಅದನ್ನು ಬಂದವರಿಗೆಲ್ಲ ತೋರಿಸಲು ಅಲ್ಲಿ ಸಿಕ್ಕಿಸಿದ್ದರು. ಅಂದರೆ ಅದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನೀಲವ್ವನ ಕಾರ್ಡು ಕೈಗೆ ಬಂದಾಗಲೂ ಗೊತ್ತಿತ್ತು.

ಎದ್ದೆ. ಕಾರ್ಡು ಕಿತ್ತು ಅವರ ಕೈಗೆ ಕೊಟ್ಟೆ.

“ನನ್ನ ಕಾರ್ಡು ಇಷ್ಟು ಚಂದ ಇಟ್ಟೀರಿ ಮೆಂಬರ. ಒಮ್ಮೆ ಓದ್ರಿ, ಬೀಗರು ಕೇಳಲಿ.”

“ಅದರಾಗ ಏನೈತ್ರಿ ಓದೂದು. ನಿಮ್ಮ ಅಕ್ಷರ ಮುತ್ತಿನಂಥಾವು ಅಂತ ಎಲ್ಲಾರಿಗೂ ಗೊತ್ತದ.”

“ಓದ್ರಿ.”

“ಓದ್ರಲ್ಲ” ಎಂದರು ವರನ ತಂದೆ. ಅವಲಕ್ಕಿ ಮುಗಿದಿತ್ತು, ಅವರಿಗೂ ಏನಾದರೂ ಬೇಕಿತ್ತು.

ಮೆಂಬರು ಗಂಟಲು ಸರಿಮಾಡಿಕೊಂಡರು. ಎಲ್ಲೂ ನಿಲ್ಲದೆ, ಎಲ್ಲೂ ಒಡೆಯದೆ, ಒಂದೇ ಉಸಿರಿಗೆ ಓದಿದರು: “ಬನ್ನಿ ತಗೊಂಡು ಬಂಗಾರದಂಗ ಇರೋಣ.”

“ಅಂದ್ರೇನ್ರಿ ಮೆಂಬರ?” ಎಂದಳು ನೀಲವ್ವ ಹೊಸ್ತಿಲಿನಿಂದ.

ಎಲ್ಲರೂ ತಿರುಗಿ ನೋಡಿದರು. ಮೆಂಬರು ಮಾತ್ರ ನೋಡಲಿಲ್ಲ. ವರನ ತಂದೆ ನಕ್ಕು, “ಏನವಾ, ದಸರಾದ ಬನ್ನಿ ಗೊತ್ತಿಲ್ಲೇನು? ನಾವು ನೀವು ಬಂಗಾರದಂಗ ಚಲೋ ಇರೂನು ಅಂತ” ಎಂದು ಬಿಡಿಸಿ ಹೇಳಿದರು.

“ಹೌದರಿ” ಎಂದಳು ನೀಲವ್ವ. ಅಷ್ಟೇ.

ನನ್ನ ಬುದ್ಧಿವಂತಿಕೆ ಅಲ್ಲಿಗೆ ಮುಗಿದಿತ್ತು. ಮುಂದೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಶಾಂತಾಗೆ. ಅವಳು ನೀಲವ್ವನ ಮುಖ ನೋಡಿದಳು, ಬರಿಯ ಕೊರಳು ನೋಡಿದಳು, ಆಮೇಲೆ ತನ್ನ ಕೊರಳಿಗೆ ಕೈ ಹಚ್ಚಿಕೊಂಡಳು. ಎದ್ದು ಒಳಗೆ ಹೋದಳು. ಚಹಾದ ತಾಟು ಹಿಡಿದು ಬಂದಾಗ ಕೊರಳಲ್ಲಿ ಲಿಂಗದ ದಾರ ಬಿಟ್ಟು ಏನೂ ಇರಲಿಲ್ಲ. ಬೋರಮಾಳ ತಾಟಿನಲ್ಲಿ, ಕಪ್ಪುಗಳ ನಡುವೆ ಇತ್ತು. ಬೀಗರನ್ನು ದಾಟಿ ನೇರವಾಗಿ ಹೊಸ್ತಿಲಿಗೆ ಹೋಗಿ ನೀಲವ್ವನ ಮುಂದೆ ತಾಟು ಹಿಡಿದಳು.

“ತಗೋ ಅತ್ತಿ. ಅಪ್ಪ ಇದು ನಿಂದು ಅಂತ ಹೇಳಿದ್ದಿಲ್ಲ.”

ಚಹಾ ತಣ್ಣಗಾಯಿತು. ವರನ ತಾಯಿ, “ಮನಿತನದ್ದಂದ್ರಿ?” ಎಂದಳು. ಮೆಂಬರು, “ಅದೇನಾತು ಅಂದ್ರ…” ಎಂದು ಸುರು ಮಾಡಿದರು. ಮುಂದಿನ ಸಾಲು ಕೇಳಲು ನಿಲ್ಲದೆ ನಾವಿಬ್ಬರೂ ಹೊರಬಿದ್ದೆವು.

ಈ ಸಂತೆಯ ಹೊತ್ತಿಗೆ ಸುದ್ದಿಗಳು ಬಂದವು. ಸೋಲಾಪುರದವರು ಕಾಗದ ಬರೆದಿದ್ದಾರಂತೆ: ಹುಡುಗಿ ಪಸಂದ ಇದ್ದಾಳೆ, ಬಂಗಾರ ಮಾತ್ರ ಸ್ವಂತದ್ದು ಇರಲಿ. ಆ ಕಾಗದವನ್ನು ಮೆಂಬರು ಓದುವ ಮೊದಲು ಶಾಂತಾ ಓದಿದಳಂತೆ, ಓದಿ ಒಲೆಗೆ ಹಾಕಿದಳಂತೆ. ಅವಳ ಅಕ್ಷರಜ್ಞಾನದ ಬಗ್ಗೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ.

ಇನ್ನೊಂದು ಸುದ್ದಿ ಇನ್ನೂ ಚಲೋ. ವಸತಿಯಲ್ಲಿ ಈಗ ಎಲ್ಲರೂ ಹೇಳುವುದೇನೆಂದರೆ, ನೀಲವ್ವನ ಬಂಗಾರದ ಮೇಲೆ ಸರಕಾರದ ನೋಟೀಸು ಬಂದಿತ್ತು, ಮೆಂಬರು ಓಡಾಡಿ ರದ್ದು ಮಾಡಿಸಿದರು. ಎಂಥ ಮನುಷ್ಯ! ಮತ್ತೆ ಬಾಯಾರು? ಬಾಯಾರು ಕಾಗದ ಬರೆದರೆ ಮನೆಗೆ ಕಂಟಕ. ಒಬ್ಬಳು ತಾಯಿ ಮಗಳ ಕೈಯಲ್ಲಿ ಹೇಳಿ ಕಳಿಸಿದ್ದಾಳೆ, ನಮ್ಮ ಮನೆಗೆ ಏನೂ ಬರೀಬ್ಯಾಡ್ರಿ ಎಂದು.

ನೀಲವ್ವ ಈ ಸಂತೆಗೂ ಬಂದಳು. ಕೊರಳಲ್ಲಿ ಬೋರಮಾಳ. ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ, ಆರಿಸಿದಳು, ಬಣ್ಣ ಬಿಡುತ್ತದೋ ಎಂದು ಉಗುಳು ಹಚ್ಚಿ ನೋಡಿದಳು. ಅವಳಿಗೆ ಸಮಾಧಾನವಾಗಿದೆ ಎಂದು ಖಾತ್ರಿ ಮಾಡಿಕೊಂಡು, ವಾರವಿಡೀ ನನ್ನನ್ನು ಕೊರೆಯುತ್ತಿದ್ದದ್ದನ್ನು ಕೇಳಿದೆ.

“ನೀಲವ್ವ, ನಾಲ್ಕು ತಿಂಗಳ ಕಲತಿ. ಪುಸ್ತಕ ಪೂರಾ ಓದಿದಿ. ಕಾರ್ಡು ಬಂದಾಗ ನೀನ ಯಾಕ ಓದಲಿಲ್ಲ?”

“ಓದಿದ್ನಿರಿ” ಎಂದಳು ಅವಳು.

“ಓದಿದ್ಯೇನು? ಏನಂತ ಓದಿದಿ?”

“ಬನ್ನಿ ತಗೊಂಡು ಬಂಗಾರದಂಗ ಇರೋಣ ಅಂತ. ಮೂರು ಸಲ ಓದಿದೆ. ಮೂರೂ ಸಲ ಹಂಗ ಬಂತು.”

“ಮತ್ತ?”

ಅವಳು ಕಣವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. “ಶಿಕ್ಕಾ ಹೊಡದವರು ನಮಗ ಇಷ್ಟು ಚಲೋ ಮಾತು ಯಾಕ ಬರದಾರು ಬಾಯಾರ? ನಾನ ತಪ್ಪ ಓದೀನಿ ಅಂದಕೊಂಡೆ. ಮೆಂಬರು ಬ್ಯಾರೆ ಓದಿದ ಮ್ಯಾಲೆ, ಹೌದು, ಇದು ಸರಿ ಅನಿಸ್ತು.”

ಅವಳಿಗೆ ಓದಲು ಕಲಿಸಿದವಳು ನಾನು. ಓದಿದ್ದನ್ನು ನಂಬಬಾರದೆಂದು ಕಲಿಸಿದವರು ಯಾರು?